ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು: ಹಳೇ ಲ್ಯಾಪ್‌ಟಾಪಿನ ದೋಷ ಹುಡುಕುವ ಬಗೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಾಗರದಿಂದ ಅಕ್ಕ ಫೋನ್ ಮಾಡಿದಳು. "ಲ್ಯಾಪ್‌ಟಾಪ್ ಸತ್ತು ಹೋಯ್ತು ಕಣೋ" ಅಂದಳು.

"ಸತ್ತಿದೆ ಅಂದ್ರೆ ಏನಾಗತ್ತೆ ಸರಿಯಾಗಿ ಹೇಳು."

"ಬಟನ್ ಒತ್ತಿದ್ರೆ ಲೈಟ್ ಬರತ್ತೆ. ಫ್ಯಾನ್ ಗುರ್ ಅನ್ನತ್ತೆ. ಸ್ಕ್ರೀನ್ ಮಾತ್ರ ಕಪ್ಪು. ಅಂಗಡಿಯವ್ರು ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದ್ರು."

ಮದರ್‌ಬೋರ್ಡ್ ಅಂದರೆ ಎಲ್ಲ ಭಾಗಗಳೂ ಕೂರುವ ಒಳಗಿನ ಮುಖ್ಯ ಹಲಗೆ. ಆದರೆ ಲೈಟ್ ಬರುವುದು, ಫ್ಯಾನ್ ತಿರುಗುವುದು ಸತ್ತ ಯಂತ್ರದ ಲಕ್ಷಣ ಅಲ್ಲ. ಅಂಗಡಿಯವರು ಹಿಂದಿನ ಮುಚ್ಚಳ ಬಿಚ್ಚಿಯೇ ಇರಲಿಲ್ಲ ಅಂತಲೂ ಆಮೇಲೆ ಗೊತ್ತಾಯಿತು. ನೆಗಡಿ ಬಂತು ಅಂತ ಮೂಗು ಕೊಯ್ಯುವ ಸಲಹೆ ಅದು. "ಎಸೀಬೇಡ, ದೀಪಾವಳಿಗೆ ಬರ್ತೀನಿ" ಅಂದೆ.

ಯಂತ್ರದ ವಿವರ ಹೇಳಿಬಿಡುತ್ತೇನೆ. 2013ರಲ್ಲಿ ಕೊಂಡದ್ದು. 15.6 ಇಂಚಿನ ಸ್ಕ್ರೀನ್, ಮೂರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, ಎರಡೆರಡು ಜಿಬಿಯ ಎರಡು ತಾತ್ಕಾಲಿಕ ನೆನಪಿನ ಪಟ್ಟಿ, ಅಂದರೆ ರ‍್ಯಾಮ್, ಹಳೇ ಮಾದರಿಯ ತಿರುಗುವ ಹಾರ್ಡ್ ಡಿಸ್ಕ್. ಅದರಲ್ಲಿ ಹತ್ತು ವರ್ಷದ ಅಡಿಕೆ ಲೆಕ್ಕ ಮತ್ತು ಮಕ್ಕಳ ಫೋಟೋಗಳಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅಟ್ಟದ ಮೇಲೆ ಒಂದು ಬಟ್ಟೆಯ ಚೀಲದಲ್ಲಿ ಮಲಗಿತ್ತು. ಈ ಕೊನೇ ಮಾತನ್ನು ಅಕ್ಕ ಫೋನಿನಲ್ಲೇ ಹೇಳಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ಸ್ಕ್ರೀನ್ ಕಪ್ಪಾಗುವುದು ಒಂದೇ ಕಾಯಿಲೆ ಅಲ್ಲ. ಜ್ವರದ ಹಾಗೆ, ಹತ್ತಾರು ಕಾರಣಕ್ಕೆ ಬರುತ್ತದೆ. ನಾನು ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕರೆಂಟ್ ಒಳಗೆ ಹೋಗುತ್ತಿದೆಯಾ? ಹೋಗುತ್ತಿದ್ದರೆ ಯಂತ್ರ ನಿಜವಾಗಿ ಚಾಲೂ ಆಗುತ್ತಿದೆಯಾ, ಇಲ್ಲಾ ಹೊಸ್ತಿಲಲ್ಲೇ ನಿಂತಿದೆಯಾ? ಚಾಲೂ ಆಗುತ್ತಿದ್ದರೆ ಚಿತ್ರ ಸ್ಕ್ರೀನಿನವರೆಗೆ ಬರುವ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ? ಇದೇ ಕ್ರಮದಲ್ಲಿ ಹೋದರೆ ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ದುಡ್ಡು ಕೇಳುವವು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ನಿಮಗೇ ತಿಳಿಯುವುದಿಲ್ಲ.

ಕರೆಂಟಿನ ಕಡೆಯಿಂದ

ಒಂದು ಲೈಟೂ ಬರದಿದ್ದರೆ ಮಾತ್ರ ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ಬೇರೆ ಪ್ಲಗ್ ಪಾಯಿಂಟಿಗೆ ಹಾಕಿ ನೋಡಿ. ಅಡಾಪ್ಟರ್ ಮೇಲೆ ಬರೆದ ವೋಲ್ಟೇಜ್ ಓದಿ. ಹಳೇ ಲ್ಯಾಪ್‌ಟಾಪುಗಳಲ್ಲಿ ಅದು ಹೆಚ್ಚಾಗಿ 19, 19.5 ಅಥವಾ 20 ವೋಲ್ಟ್ ಇರುತ್ತದೆ. ಮಲ್ಟಿಮೀಟರ್ ಇದ್ದರೆ ಡಿಸಿ 200 ವೋಲ್ಟಿನ ಜಾಗಕ್ಕೆ ತಿರುಗಿಸಿ, ಪಿನ್ನಿನ ಹೊರಮೈಗೆ ಕಪ್ಪು ಕಡ್ಡಿ, ಒಳಮೈಗೆ ಕೆಂಪು ಕಡ್ಡಿ ಮುಟ್ಟಿಸಿ. ಲೇಬಲ್ಲಿನ ಅಂಕಿಯ ಆಸುಪಾಸು ಬರಬೇಕು. ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಡೆಲ್, ಎಚ್‌ಪಿಯ ಹಲವು ಅಡಾಪ್ಟರುಗಳ ನಡುವೆ ಸೂಜಿಯಂಥ ಒಂದು ಪಿನ್ ಇರುತ್ತದೆ. ಅದು ಕರೆಂಟಿಗಲ್ಲ, ಅಡಾಪ್ಟರಿನ ಗುರುತು ಹೇಳುವುದಕ್ಕೆ. ಅದು ಬಾಗಿದ್ದರೆ ಯಂತ್ರ ನಡೆದರೂ ಬ್ಯಾಟರಿ ಚಾರ್ಜ್ ಆಗದೇ ಇರಬಹುದು.

ಬ್ಯಾಟರಿ ಉಬ್ಬಿದೆಯಾ ಅಂತ ಒಮ್ಮೆ ಸವರಿ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಡಿಭಾಗ ಮೇಜಿನ ಮೇಲೆ ಸಮ ಕೂರದಿದ್ದರೆ ಅನುಮಾನ ಪಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಅಲ್ಲಿಗೆ ಮನೆ ರಿಪೇರಿ ನಿಲ್ಲಿಸಿ, ಅದನ್ನು ತೆಗೆಸಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಈಗ ಯಾವ ಕಪ್ಪು ಸ್ಕ್ರೀನಿಗಾದರೂ ಮಾಡಲೇಬೇಕಾದ ಮೊದಲ ಮದ್ದು. ಅಡಾಪ್ಟರ್ ಕೀಳಿ. ಪೆನ್‌ಡ್ರೈವ್, ಮೌಸ್, ಪ್ರಿಂಟರ್ ಕೇಬಲ್, ಮೆಮೊರಿ ಕಾರ್ಡ್ ಎಲ್ಲ ತೆಗೆಯಿರಿ. ಬ್ಯಾಟರಿ ಬಿಚ್ಚುವಂಥದ್ದಾದರೆ ಬಿಚ್ಚಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಕರೆಂಟ್ ಹಿಡಿದಿಡುವ ಕೆಪಾಸಿಟರುಗಳಲ್ಲಿ ಉಳಿದದ್ದು ಇಳಿದುಹೋಗಿ, ಎಲ್ಲೋ ಸಿಕ್ಕಿಕೊಂಡಿದ್ದ ಪವರ್ ನೋಡಿಕೊಳ್ಳುವ ಕಂಟ್ರೋಲರ್ ಚಿಪ್ ಮೊದಲಿನಿಂದ ಶುರುಮಾಡುತ್ತದೆ. ಆಮೇಲೆ ಬ್ಯಾಟರಿ ಹಾಕದೆ, ಬರೀ ಅಡಾಪ್ಟರ್ ಕೊಟ್ಟು ಚಾಲೂ ಮಾಡಿ. ಮಾಟ ಮಂತ್ರದ ಹಾಗೆ ಕಾಣುತ್ತದೆ, ಆದರೆ ನಿಜವಾಗಿ ಕೆಲಸ ಮಾಡುತ್ತದೆ. ಬ್ಯಾಟರಿ ಒಳಗೇ ಇರುವ ಕೆಲವು ಲೆನೊವೊ ಥಿಂಕ್‌ಪ್ಯಾಡುಗಳ ಅಡಿಯಲ್ಲಿ ಇದಕ್ಕೆಂದೇ ಒಂದು ಸಣ್ಣ ತೂತು ಇರುತ್ತದೆ. ಪಿನ್ ತೂರಿಸಿ ಒತ್ತಿದರೆ ಸಾಕು.

ಅಕ್ಕನಿಗೆ ಇದನ್ನು ಫೋನಿನಲ್ಲೇ ಮಾಡಿಸಿದೆ. ಏನೂ ಆಗಲಿಲ್ಲ.

ಒಳಗೆ ಜೀವ ಇದೆಯಾ?

ಫ್ಯಾನ್ ತಿರುಗಿದ ಮಾತ್ರಕ್ಕೆ ಯಂತ್ರ ಎದ್ದಿದೆ ಅಂತ ಅಲ್ಲ. ಬೋರ್ಡಿಗೆ ಕರೆಂಟ್ ಬಂದರೆ ಫ್ಯಾನ್ ಸುಮ್ನೆ ತಿರುಗುತ್ತದೆ. ಎದ್ದಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಬಟನ್ ಒತ್ತಿ ಎರಡು ನಿಮಿಷ ಕಾಯಿರಿ, ಆಮೇಲೆ ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟ್ಟ ದೀಪ ಒತ್ತಿದಂತೆಲ್ಲ ಹೊತ್ತಿ ಆರಿದರೆ ಒಳಗೆ ಯಾರೋ ಮಾತು ಕೇಳಿಸಿಕೊಳ್ಳುತ್ತಿದ್ದಾರೆ. ಹಾರ್ಡ್ ಡಿಸ್ಕ್ ದೀಪ ಮಿಣುಕುವುದು, ವಿಂಡೋಸ್ ಶುರುವಾಗುವ ಸದ್ದು ಬರುವುದು ಕೂಡ ಒಳ್ಳೇ ಸುದ್ದಿ. ಇನ್ನೊಂದು ಉಪಾಯ ನನಗೆ ಇಷ್ಟ. ಆ ಲ್ಯಾಪ್‌ಟಾಪ್ ಹಿಂದೆ ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ತಾನಾಗಿ ಜೋಡಿಕೊಳ್ಳುತ್ತಿದ್ದರೆ ಹಾಟ್‌ಸ್ಪಾಟ್ ಹಾಕಿ ಕಾಯಿರಿ. ಫೋನಿನಲ್ಲಿ ಅದರ ಹೆಸರು ಬಂತೆಂದರೆ ವಿಂಡೋಸ್ ಪೂರ್ತಿ ಎದ್ದು ಕೂತಿದೆ, ಮುಖ ಮಾತ್ರ ತೋರಿಸುತ್ತಿಲ್ಲ.

ಇದ್ಯಾವುದೂ ಇಲ್ಲದಿದ್ದರೆ ಬೀಪ್ ಕೇಳಿಸುತ್ತಿದೆಯಾ, ದೀಪ ಲೆಕ್ಕ ಹಾಕಿದಂತೆ ಮಿಣುಕುತ್ತಿದೆಯಾ ಗಮನಿಸಿ. ಸ್ಕ್ರೀನ್ ಇಲ್ಲದಾಗ ಯಂತ್ರ ಮಾತಾಡುವುದು ಹೀಗೆ. ಹಳೇ ಡೆಲ್‌ಗಳಲ್ಲಿ 2 ಬೀಪ್ ಅಂದರೆ ರ‍್ಯಾಮ್ ಸಿಕ್ಕಿಲ್ಲ, 4 ಅಂದರೆ ರ‍್ಯಾಮ್ ಕೆಟ್ಟಿದೆ, 5 ಅಂದರೆ ತಾರೀಕು, ಸಮಯ ಉಳಿಸುವ ಒಳಗಿನ ಗುಂಡು ಬ್ಯಾಟರಿ ಸೋತಿದೆ, 8 ಅಂದರೆ ಸ್ಕ್ರೀನಿನ ತೊಂದರೆ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ ಇಂತಿಷ್ಟು ಸಲ ಮಿಣುಕಿ, ಸ್ವಲ್ಪ ನಿಂತು, ಮತ್ತೆ ಮಿಣುಕುತ್ತದೆ. ಅರ್ಥ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆಯಾಗುತ್ತದೆ. ಹಾಗಾಗಿ ಎಣಿಸಿ ಬರೆದಿಟ್ಟು, ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ಸಹಾಯ ಪುಟದಲ್ಲಿ ನೋಡಿ. ಊಹೆ ಬೇಡ. ಎಣಿಸುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ತಪ್ಪುವುದಿಲ್ಲ.

ಅಕ್ಕನ ಲ್ಯಾಪ್‌ಟಾಪಿನಲ್ಲಿ ಕ್ಯಾಪ್ಸ್ ಲಾಕ್ ದೀಪ ಹೊತ್ತಲಿಲ್ಲ. ಹಾಟ್‌ಸ್ಪಾಟಿಗೂ ಬರಲಿಲ್ಲ. ಬೀಪ್ ಕೂಡ ಇಲ್ಲ. ಯಂತ್ರ ಹೊಸ್ತಿಲಲ್ಲೇ ನಿಂತಿತ್ತು. ಅಂದರೆ ಸ್ಕ್ರೀನ್ ನಿರಪರಾಧಿ. ಅನುಮಾನ ಪೂರ್ತಿ ಹೋದದ್ದು ರ‍್ಯಾಮಿನ ಕಡೆಗೆ.

ರ‍್ಯಾಮ್, ರಬ್ಬರ್ ಮತ್ತು ಮಲೆನಾಡಿನ ಮಳೆ

ಚಾಲೂ ಆದ ಕೂಡಲೇ ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಇರುವ ಪ್ರೋಗ್ರಾಂ, ಮಾಡುವ ಮೊದಮೊದಲ ಕೆಲಸಗಳಲ್ಲಿ ರ‍್ಯಾಮ್ ಹುಡುಕುವುದು ಒಂದು. ಅದು ಸಿಗದಿದ್ದರೆ ಚಿತ್ರ ಬಿಡಿಸುವ ಹಂತಕ್ಕೆ ಯಂತ್ರ ಹೋಗುವುದೇ ಇಲ್ಲ. ರ‍್ಯಾಮ್ ಪಟ್ಟಿ ಮತ್ತು ಅದರ ಸ್ಲಾಟ್ ನಡುವೆ ಇರುವುದು ಬರೀ ಒತ್ತಡದ ಸಂಬಂಧ. ಬೆಸುಗೆ ಇಲ್ಲ. ಆ ಕಾಲದ ಲ್ಯಾಪ್‌ಟಾಪುಗಳಲ್ಲಿರುವ ಡಿಡಿಆರ್3 ಅನ್ನುವ ಜಾತಿಯ ಪಟ್ಟಿಯಲ್ಲಿ 204 ಸಂಪರ್ಕಗಳಿವೆ. ಅವುಗಳಲ್ಲಿ ಒಂದೆರಡರ ಮೇಲೆ ತೇವದ ಪೊರೆ ಕೂತರೂ ಸಾಕು, ಯಂತ್ರ ಮುಷ್ಕರ ಹೂಡುತ್ತದೆ. ನಾಲ್ಕು ತಿಂಗಳು ಮಲೆನಾಡಿನ ಅಟ್ಟದ ಮೇಲೆ ಬಟ್ಟೆಯ ಚೀಲದಲ್ಲಿದ್ದರೆ ಪೊರೆ ಕೂರದೆ ಇನ್ನೇನು?

ಬಿಚ್ಚುವ ಮೊದಲು ಅಡಾಪ್ಟರ್, ಬ್ಯಾಟರಿ ಎರಡೂ ಹೊರಗಿರಬೇಕು. ಬ್ಯಾಟರಿ ಒಳಗಿರುವ ಮಾದರಿಯಾದರೆ ಹಿಂದಿನ ಕವಚ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕೀಳಿ, ಆಮೇಲೆಯೇ ಉಳಿದದ್ದು. ನೈಲಾನ್ ಸೀರೆ, ಉಣ್ಣೆಯ ಶಾಲು, ಪ್ಲಾಸ್ಟಿಕ್ ಚಾಪೆ ಬೇಡ. ಮೈಯಲ್ಲಿ ಕೂತ ಸ್ಥಿರ ವಿದ್ಯುತ್ತು ರ‍್ಯಾಮ್ ಕೆಡಿಸಬಹುದು. ನಡುನಡುವೆ ಬಣ್ಣ ಇಲ್ಲದ ಯಾವುದಾದರೂ ದೊಡ್ಡ ಲೋಹ ಮುಟ್ಟಿ, ಕಿಟಕಿಯ ಸರಳಾದರೂ ಆದೀತು. ಸ್ಕ್ರೂಗಳನ್ನು ಒಂದು ಹಾಳೆಯ ಮೇಲೆ, ಅವು ಇದ್ದ ಜಾಗದ ನಕ್ಷೆ ಬರೆದು ಅದೇ ಜಾಗದಲ್ಲಿ ಇಡಿ. ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ಮೇಲಿನ ಪ್ಲಾಸ್ಟಿಕ್ ಸೀಳಿಕೊಂಡು ಬರುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನ ಕೈ ಇಡುವ ಜಾಗದಲ್ಲಿ ಅಂಥ ಒಂದು ಮೊಡವೆ ಈಗಲೂ ಇದೆ.

ರ‍್ಯಾಮಿನ ಎರಡು ಬದಿಯ ಕ್ಲಿಪ್ಪುಗಳನ್ನು ಹೊರಗೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅಂಚು ಹಿಡಿದು ಎಳೆಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಬೆರಳಿನಿಂದ ಮುಟ್ಟಬೇಡಿ. ಅಕ್ಕನ ಲ್ಯಾಪ್‌ಟಾಪಿನ ಪಟ್ಟಿ ತೆಗೆದಾಗ ಹಲ್ಲುಗಳು ಹೊಳೆಯುವ ಬದಲು ಹಳೇ ಹಿತ್ತಾಳೆ ಚೊಂಬಿನ ಹಾಗೆ ಮಂಕಾಗಿದ್ದವು. ಸ್ಲಾಟಿನ ಮೂಲೆಯಲ್ಲಿ ಸತ್ತ ಇರುವೆಗಳೂ ಇದ್ದವು. ಅಕ್ಕ ಬಗ್ಗಿ ನೋಡಿ "ಅಯ್ಯೋ, ಇಲ್ಲೂ ಬಿಟ್ಟಿಲ್ವಾ ಇವು!" ಅಂದಳು.

ಒರೆಸಲು ಒಳ್ಳೆಯದು ಐಸೋಪ್ರೊಪೈಲ್ ಆಲ್ಕೋಹಾಲ್, ರಿಪೇರಿಯವರು ಐಪಿಎ ಅನ್ನುತ್ತಾರೆ. ನೂಲು ಬಿಡದ ಬಟ್ಟೆಗೆ ಒಂದೆರಡು ಹನಿ ಸಾಕು. ಸಿಗದಿದ್ದರೆ ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರ್. ಹಲ್ಲುಗಳ ಉದ್ದಕ್ಕೆ, ಒಳಗಿಂದ ಹೊರಕ್ಕೆ ನಾಲ್ಕೈದು ಸಲ ಹಗುರವಾಗಿ ತಿಕ್ಕಿ. ಪುಡಿಯನ್ನು ಸ್ಲಾಟಿನಿಂದ ದೂರ ಕೊಡವಿ. ಒರಟು ಇಂಕ್ ರಬ್ಬರ್ ಬೇಡವೇ ಬೇಡ, ಚಿನ್ನದ ಲೇಪ ಕಿತ್ತು ಬರುತ್ತದೆ. ಸ್ಲಾಟಿನ ಒಳಗೆ ಒಣ, ಮೆತ್ತನೆಯ ಪೇಂಟ್ ಬ್ರಷ್ ಆಡಿಸಿ. ಬಾಯಿಂದ ಊದಬೇಡಿ, ಉಸಿರಿನ ಜೊತೆ ತೇವವೂ ಹೋಗುತ್ತದೆ. ಹೇರ್ ಡ್ರೈಯರಿನ ಬಿಸಿ ಗಾಳಿಯೂ ಬೇಡ.

ಈಗ ಒಂದೇ ಪಟ್ಟಿ ಹಾಕಿ. ಗಾಡಿ ನಂಬರ್ ಪ್ಲೇಟ್ ಸಿಕ್ಕಿಸಿದ ಹಾಗೆ ನೇರ ಒತ್ತುವುದಲ್ಲ. ಓರೆಯಾಗಿ ತೂರಿಸಿ, ಹಲ್ಲುಗಳು ಬಹುತೇಕ ಕಾಣದಷ್ಟು ಒಳಗೆ ತಳ್ಳಿ, ಆಮೇಲೆ ಕೆಳಗೆ ಅಮುಕಿ. ಕ್ಲಿಪ್ಪುಗಳು ಟಕ್ ಅನ್ನಬೇಕು. ಅರೆಬರೆ ಕೂತ ರ‍್ಯಾಮ್ ಇಲ್ಲದ ರ‍್ಯಾಮಿಗೆ ಸಮ. ಚಾಲೂ ಮಾಡಿ ಒಂದು ನಿಮಿಷ ಕಾಯಿರಿ. ಆಗದಿದ್ದರೆ ಅದೇ ಪಟ್ಟಿ ಇನ್ನೊಂದು ಸ್ಲಾಟಿಗೆ. ಆಮೇಲೆ ಎರಡನೇ ಪಟ್ಟಿ ಮೊದಲ ಸ್ಲಾಟಿಗೆ, ಮತ್ತೆ ಎರಡನೆಯದಕ್ಕೆ. ಹೀಗೆ ನಾಲ್ಕು ಸಲ. ಒಂದು ಪಟ್ಟಿ ಎಲ್ಲಿ ಹಾಕಿದರೂ ಆಗುವುದಿಲ್ಲ ಅಂದರೆ ಪಟ್ಟಿ ಕೆಟ್ಟಿದೆ. ಒಂದು ಸ್ಲಾಟಿನಲ್ಲಿ ಯಾವುದು ಹಾಕಿದರೂ ಆಗುವುದಿಲ್ಲ ಅಂದರೆ ಸ್ಲಾಟ್ ಕೆಟ್ಟಿದೆ.

ಅಕ್ಕನ ಯಂತ್ರದಲ್ಲಿ ಮೂರನೇ ಸಲಕ್ಕೆ ಸ್ಕ್ರೀನ್ ಬೆಳಗಿತು. ಗಡಿಯಾರ ಮಾತ್ರ 2012ರ ಜನವರಿ 1 ತೋರಿಸುತ್ತಿತ್ತು. ಲ್ಯಾಪ್‌ಟಾಪ್ ಹುಟ್ಟುವುದಕ್ಕಿಂತ ಹಿಂದಿನ ತಾರೀಕು! ಒಳಗಿನ ಗುಂಡು ಬ್ಯಾಟರಿ ಸೋತಿದ್ದಕ್ಕೆ ಅದು ಸಾಕ್ಷಿ. ಅದು ಸಿಆರ್2032, 3 ವೋಲ್ಟಿನದು. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಅದಕ್ಕೆ ವೈರ್ ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ, ಆಗ ಅದೇ ಥರದ್ದು ತರಬೇಕು. ಈ ಬ್ಯಾಟರಿ ಸೋತರೆ ಕೆಲವು ಯಂತ್ರ ಬರೀ ತಾರೀಕು ಮರೆಯುತ್ತವೆ, ಕೆಲವು ಚಾಲೂ ಆಗಲೇ ತಕರಾರು ಮಾಡುತ್ತವೆ. ರ‍್ಯಾಮಿನಿಂದ ಕೆಲಸ ಆಗದಿದ್ದರೆ ಇದನ್ನು ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ ನೋಡುವುದೂ ಒಂದು ಪರೀಕ್ಷೆ. ಬಯೋಸ್ ತನ್ನ ಹಳೇ ಸೆಟ್ಟಿಂಗ್ ಮರೆತು ಹೊಸದಾಗಿ ಶುರುಮಾಡುತ್ತದೆ.

ಹೊಸ ರ‍್ಯಾಮ್ ಕೊಳ್ಳಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಡಿಡಿಆರ್3 ನಡೆಯುವುದು 1.5 ವೋಲ್ಟಿಗೆ, ಡಿಡಿಆರ್3ಎಲ್ 1.35ಕ್ಕೆ. ಎರಡೂ ನೋಡಲು ಒಂದೇ ಥರ. ಎಲ್ ಇರುವುದು ಸಾಮಾನ್ಯವಾಗಿ ಎರಡೂ ಕಡೆ ನಡೆಯುತ್ತದೆ, ಎಲ್ ಇಲ್ಲದ್ದು ಎಲ್ ಬೇಡುವ ಯಂತ್ರದಲ್ಲಿ ನಡೆಯುವುದಿಲ್ಲ.

ಯಂತ್ರ ಎದ್ದಿದೆ, ಸ್ಕ್ರೀನ್ ಕಾಣುತ್ತಿಲ್ಲ ಅಂದರೆ

ಇಲ್ಲಿ ದಾರಿ ಬೇರೆ. ಕೋಣೆಯ ದೀಪ ಆರಿಸಿ. ಫೋನಿನ ಟಾರ್ಚನ್ನು ಸ್ಕ್ರೀನಿಗೆ ತೀರಾ ಹತ್ತಿರ, ಓರೆಯಾಗಿ ಹಿಡಿದು ಕಣ್ಣಿಟ್ಟು ನೋಡಿ. ಮಸುಕಾಗಿ ಗಡಿಯಾರವೋ ಐಕಾನುಗಳೋ ಕಂಡವಾ? ಹಾಗಾದರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ಎಲ್‌ಸಿಡಿ ತಾನಾಗಿ ಬೆಳಗುವುದಿಲ್ಲ. ಹಿಂದೆ ದೀಪ ಇಟ್ಟರೆ ಮಾತ್ರ ಕಾಣುತ್ತದೆ, ತೊಗಲುಗೊಂಬೆ ಆಟದ ಪರದೆಯ ಹಾಗೆ. ಮೊದಲು ಕೀಬೋರ್ಡಿನಲ್ಲಿ ಸ್ಕ್ರೀನಿನ ಬೆಳಕು ಹೆಚ್ಚಿಸುವ ಕೀ ಒತ್ತಿ. ನಗಬೇಡಿ, ಬ್ರೈಟ್‌ನೆಸ್ ಸೊನ್ನೆಗೆ ಇಳಿದಿದ್ದನ್ನೇ ಎರಡು ಮನೆಯಲ್ಲಿ ನೋಡಿದ್ದೇನೆ.

ಸುಮಾರು 2009ಕ್ಕಿಂತ ಹಿಂದಿನ ಲ್ಯಾಪ್‌ಟಾಪಾದರೆ ಒಳಗಿರುವುದು ಎಲ್‌ಇಡಿ ಅಲ್ಲ, ಸಿಸಿಎಫ್‌ಎಲ್ ಅನ್ನುವ ಸಣ್ಣ ಟ್ಯೂಬ್‌ಲೈಟ್. ಅದು ಮುದಿಯಾದಾಗ ಸ್ಕ್ರೀನ್ ಮೊದಲು ಕೆಂಪು ಛಾಯೆಯಲ್ಲಿ ಶುರುವಾಗುತ್ತದೆ, ನಿಧಾನಕ್ಕೆ ಬಿಳಿಯಾಗುತ್ತದೆ. ಕೊನೆಗೊಂದು ದಿನ ಒಂದೆರಡು ಸೆಕೆಂಡ್ ಬೆಳಗಿ ಆರಿಹೋಗುತ್ತದೆ. ಅದನ್ನು ಉರಿಸಲು ಇನ್ವರ್ಟರ್ ಅನ್ನುವ ಕಡ್ಡಿಯಂಥ ಬೋರ್ಡ್ ಸ್ಕ್ರೀನಿನ ಬುಡದಲ್ಲಿರುತ್ತದೆ. ಮನೆಯ ಯುಪಿಎಸ್ ಇನ್ವರ್ಟರಿಗೂ ಇದಕ್ಕೂ ಸಂಬಂಧ ಇಲ್ಲ. ಇದು ನೂರಾರು ವೋಲ್ಟ್ ಎಬ್ಬಿಸುತ್ತದೆ, ಚಾಲೂ ಇರುವಾಗ ಕೈ ಹಾಕಬೇಡಿ. ಟ್ಯೂಬಿನೊಳಗೆ ಪಾದರಸವೂ ಇರುತ್ತದೆ, ಒಡೆಯಬೇಡಿ.

ಟಾರ್ಚಿಗೂ ಏನೂ ಕಾಣದಿದ್ದರೆ ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ. ತೀರಾ ಹಳೆಯದಾದರೆ ನೀಲಿ ಬಣ್ಣದ ವಿಜಿಎ. ವಿಂಡೋಸ್ ಕೀ ಹಿಡಿದುಕೊಂಡೇ ಪಿ ಒತ್ತುತ್ತಾ ಹೋದರೆ ಆಯ್ಕೆ ಒಂದೊಂದಾಗಿ ಇಳಿಯುತ್ತದೆ, ಎಂಟರ್ ಒತ್ತಿದರೆ ಚಿತ್ರ ಟಿವಿಗೆ ಹಾರುತ್ತದೆ. ಟಿವಿಯಲ್ಲಿ ಸರಿಯಾಗಿ ಕಂಡರೆ ಬೋರ್ಡು, ರ‍್ಯಾಮ್, ಡಿಸ್ಕ್, ವಿಂಡೋಸ್ ಎಲ್ಲಕ್ಕೂ ಒಟ್ಟಿಗೆ ಪಾಸ್ ಸಿಕ್ಕಿತು. ಉಳಿದದ್ದು ಸ್ಕ್ರೀನು, ಅದರ ಕೇಬಲ್ಲು ಮತ್ತು ಮುಚ್ಚಳದ ಸ್ವಿಚ್ಚು, ಬೋರ್ಡಿನಲ್ಲಿ ಸ್ಕ್ರೀನಿನ ಬೆಳಕಿಗೆ ಕರೆಂಟ್ ಕೊಡುವ ಒಂದು ಪುಟ್ಟ ಫ್ಯೂಸು. ಡೆಲ್ ಆದರೆ ಡಿ ಕೀ ಒತ್ತಿ ಹಿಡಿದು ಪವರ್ ಒತ್ತಿ. ಹಲವು ಮಾಡೆಲ್‌ಗಳಲ್ಲಿ ಸ್ಕ್ರೀನ್ ಕೆಂಪು, ಹಸಿರು, ನೀಲಿ ಬಣ್ಣ ತೋರಿಸಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ.

ಮುಚ್ಚಳದ ಸ್ವಿಚ್ ಬಗ್ಗೆ ನನ್ನದೇ ದಡ್ಡತನ ಹೇಳಬೇಕು. ಬಹಳ ಹಿಂದೆ ನನ್ನ ಲ್ಯಾಪ್‌ಟಾಪಿನ ಸ್ಕ್ರೀನ್ ಕಪ್ಪಾಯಿತು. ಟಿವಿಗೆ ಹಾಕಿದರೆ ಚಿತ್ರ ಬರುತ್ತಿತ್ತು. ಸ್ಕ್ರೀನೇ ಹೋಗಿದೆ ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಹೊಸ ಸ್ಕ್ರೀನ್ ತಂದು ಹಾಕಿದೆ. ಅದೂ ಕಪ್ಪು. ಕೊನೆಗೆ ನೋಡಿದರೆ ಮುಚ್ಚಳ ತಿರುಗುವ ಹಿಂಜಿನ ಹತ್ತಿರ ಇದ್ದ ಅಕ್ಕಿ ಕಾಳಿನಷ್ಟು ಬಟನ್ ಜಿಡ್ಡಿಗೆ ಅಂಟಿಕೊಂಡು ಕೆಳಗೇ ಕೂತಿತ್ತು. ಮುಚ್ಚಳ ಮುಚ್ಚಿದೆ ಅಂತಲೇ ಯಂತ್ರ ತಿಳಿದಿತ್ತು. ಉಗುರಿನಿಂದ ಎರಡು ಸಲ ಒತ್ತಿ ಬಿಟ್ಟೆ, ಬೆಳಗಿತು. ಆ ಸ್ಕ್ರೀನ್ ಈಗಲೂ ಬೀರುವಿನ ಮೇಲಿದೆ. ಸ್ವಲ್ಪ ಹೊಸ ಮಾದರಿಗಳಲ್ಲಿ ಬಟನ್ ಬದಲು ಮುಚ್ಚಳದ ಅಂಚಿನಲ್ಲಿ ಸಣ್ಣ ಅಯಸ್ಕಾಂತ ಇರುತ್ತದೆ, ಕೆಳಗೆ ಅದನ್ನು ಹುಡುಕುವ ಸೆನ್ಸರ್. ಅಯಸ್ಕಾಂತದ ಬಕಲ್ ಇರುವ ಫೋನ್ ಕವರನ್ನು ಕೀಬೋರ್ಡಿನ ಪಕ್ಕ ಇಟ್ಟರೂ, ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದು ಇಟ್ಟರೂ ಸ್ಕ್ರೀನ್ ಆರಿಹೋಗಬಹುದು.

ಸ್ಕ್ರೀನ್ ಕೊಳ್ಳಲೇಬೇಕಾದರೆ ಲ್ಯಾಪ್‌ಟಾಪಿನ ಮಾಡೆಲ್ ಹೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಸ್ಕ್ರೀನ್ ಬಂದಿರುತ್ತವೆ. ಹಳೇ ಸ್ಕ್ರೀನ್ ಬಿಚ್ಚಿ ಹಿಂದಿನ ಸ್ಟಿಕರ್ ನಂಬರಿನ ಫೋಟೋ ತೆಗೆದುಕೊಳ್ಳಿ, ಕನೆಕ್ಟರ್ 40 ಪಿನ್ನಿನದೋ 30 ಪಿನ್ನಿನದೋ ನೋಡಿ. ಬೇರೆ ಜಾತಿಯದನ್ನು ಬಲವಂತವಾಗಿ ಸಿಕ್ಕಿಸಿದರೆ ಫ್ಯೂಸ್ ಹಾರಿ ಬೋರ್ಡಿನ ಕಡೆಗೂ ಖರ್ಚು ಹತ್ತುತ್ತದೆ.

ಲೋಗೋ ಬಂದು ಆಮೇಲೆ ಕಪ್ಪಾದರೆ

ಕಂಪನಿಯ ಲೋಗೋ ಕಂಡು ಆಮೇಲೆ ಕಪ್ಪಾದರೆ ಸ್ಕ್ರೂಡ್ರೈವರ್ ಒಳಗಿಡಿ. ಇದು ವಿಂಡೋಸಿನ ಕಥೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ 10 ಇದ್ದರೆ ಮೊದಲು ಹದಿನೈದು ನಿಮಿಷ ಸುಮ್ನೆ ಬಿಡಿ. ಅಪ್‌ಡೇಟ್ ನಡುವೆ ಇದ್ದರೆ ಅದು ಅಷ್ಟು ಹೊತ್ತು ಕಪ್ಪಾಗಿಯೇ ಕೂರುತ್ತದೆ. ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಸ್ಕ್ರೀನಿಗೆ ಚಿತ್ರ ಕಳಿಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಮತ್ತೆ ಶುರುವಾಗುತ್ತದೆ. ಮೌಸಿನ ಬಾಣ ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಫೈಲ್ ಮೆನುವಿನಲ್ಲಿ ಹೊಸ ಟಾಸ್ಕ್ ಅಂತ ಇರುತ್ತದೆ, ಅಲ್ಲಿ ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಹೊಡೆಯಿರಿ.

ಅದಕ್ಕೂ ಜಗ್ಗದಿದ್ದರೆ ಸೇಫ್ ಮೋಡ್, ಅಂದರೆ ತೀರಾ ಬೇಕಾದ ಭಾಗಗಳಷ್ಟರಲ್ಲೇ ವಿಂಡೋಸ್ ಶುರುಮಾಡುವುದು. ವಿಂಡೋಸ್ 7ರಲ್ಲಿ ಶುರುವಾಗುವಾಗ ಎಫ್8 ಸಾಕಿತ್ತು. 10ರಲ್ಲಿ ವಿಂಡೋಸ್ ಶುರುವಾಗುವ ಹೊತ್ತಿಗೆ ಪವರ್ ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಪೇರಿ ಮೆನು ತಾನಾಗಿ ಬರುತ್ತದೆ, ಸೇಫ್ ಮೋಡ್ ಅಲ್ಲಿಂದ. ಇದರ ಬದಲು ಒಂದು ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲು ಬಳಸುವ ಉಚಿತ ಉಬುಂಟು ಹಾಕಿಕೊಂಡು ಯಂತ್ರವನ್ನು ಅದರಿಂದ ಬೂಟ್ ಮಾಡಿ, ಅಂದರೆ ಶುರುಮಾಡಿ ನೋಡುವುದು ನನಗೆ ಇನ್ನೂ ಇಷ್ಟ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರಲ್ಲಿ ಸ್ಕ್ರೀನ್ ಚೆನ್ನಾಗಿ ಬಂದರೆ ಯಂತ್ರ ಗಟ್ಟಿಯಾಗಿದೆ, ವಿಂಡೋಸ್ ಹಾಳಾಗಿದೆ ಅಂತ ತೀರ್ಮಾನ. ಹೇಗೂ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟು ಹಳೇ ಯಂತ್ರಕ್ಕೆ 11 ಅಧಿಕೃತವಾಗಿ ಬರುವುದೂ ಇಲ್ಲ. ಹಾಗಾಗಿ ಪೆನ್‌ಡ್ರೈವಿನಲ್ಲಿ ನೋಡಿದ ಉಬುಂಟು ಇಷ್ಟವಾದರೆ ಅದನ್ನೇ ಇಟ್ಟುಕೊಳ್ಳಬಹುದು.

ಕೈ ಮೀರಿದ್ದು

ಇಷ್ಟೆಲ್ಲ ಆದಮೇಲೂ ಕಪ್ಪಾಗಿದ್ದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಅನುಮಾನ ಬರುತ್ತದೆ, ಅದರಲ್ಲೂ ಪ್ರತ್ಯೇಕ ಚಿಪ್ ಇರುವ ಯಂತ್ರದಲ್ಲಿ. ಕಪ್ಪಾಗುವ ಮೊದಲು ಕೆಲವು ದಿನ ಸ್ಕ್ರೀನಿನಲ್ಲಿ ಗೆರೆ, ಚೌಕ, ಬಣ್ಣದ ಚುಕ್ಕಿ ಬಂದಿದ್ದರೆ ಅನುಮಾನ ಗಟ್ಟಿ. ಇದಕ್ಕೊಂದು ಹಳೇ ಚರಿತ್ರೆ ಇದೆ. 2008ರ ಜುಲೈಯಲ್ಲಿ ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಅಂದಾಜಿಗಿಂತ ಜಾಸ್ತಿ ಕೆಡುತ್ತಿವೆ ಅಂತ ಒಪ್ಪಿಕೊಂಡು, ಅದಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ಚಿಪ್ಪಿನ ಒಳಗಿನ ಬೆಸುಗೆ ಬಿರುಕು ಬಿಡುತ್ತಿತ್ತು. 2011ರ ಮ್ಯಾಕ್‌ಬುಕ್ ಪ್ರೋಗಳಲ್ಲೂ ಗ್ರಾಫಿಕ್ಸ್ ತೊಂದರೆ ಬಂದು, 2015ರಲ್ಲಿ ಆ್ಯಪಲ್ ಉಚಿತ ರಿಪೇರಿ ಯೋಜನೆ ತಂದಿತು. ಬೋರ್ಡನ್ನು ಓವನ್ನಿನಲ್ಲಿ ಬೇಯಿಸಿದರೆ, ಹೀಟ್ ಗನ್ ಹಿಡಿದರೆ ಸರಿಹೋಗುತ್ತದೆ ಅನ್ನುವ ವಿಡಿಯೋಗಳ ಬೇರು ಇಲ್ಲಿದೆ. ಸರಿಹೋದರೂ ಕೆಲವು ವಾರದ ಮಾತು. ಅನ್ನ ಮಾಡುವ ಒಲೆಯ ಹತ್ತಿರ ಬೋರ್ಡ್ ತರಬೇಡಿ. ಚಿಪ್ಪನ್ನೇ ಹೊಸದು ಹಾಕುವುದು ಮಾತ್ರ ಬಾಳಿಕೆ ಬರುವ ರಿಪೇರಿ, ಅದು ಹಳೇ ಯಂತ್ರಕ್ಕೆ ಬಹಳ ಸಲ ಗಿಟ್ಟುವುದಿಲ್ಲ.

ಅಂಗಡಿಗೆ ಕೊಡುವ ಮೊದಲು ಡೇಟಾ ತೆಗೆದಿಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಬಿಚ್ಚಿ, ಎರಡೂವರೆ ಇಂಚಿನ, ಸಾಟಾ ಅನ್ನುವ ಜೋಡಣೆಯ ಡಿಸ್ಕಿಗೆ ಆಗುವ ಯುಎಸ್‌ಬಿ ಕೇಸಿಂಗಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಫೈಲುಗಳು ಪೆನ್‌ಡ್ರೈವಿನಲ್ಲಿ ಕಂಡ ಹಾಗೆ ಕಾಣುತ್ತವೆ. ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಡಿ. ಆಮೇಲೆ ಅಂಗಡಿಯಲ್ಲಿ "ಚಿಪ್ ಲೆವೆಲ್ ಮಾಡ್ತೀರಾ, ಬೋರ್ಡ್ ಬದಲಾಯಿಸ್ತೀರಾ?" ಅಂತ ಕೇಳಿ. ಮೊದಲನೆಯವರು ಬೋರ್ಡಿನಲ್ಲಿ ಕೆಟ್ಟ ಬಿಡಿಭಾಗ ಹುಡುಕಿ ಬದಲಿಸುತ್ತಾರೆ, ಎರಡನೆಯವರು ಇಡೀ ಬೋರ್ಡಿನ ದುಡ್ಡು ಕೇಳುತ್ತಾರೆ. ನೀವು ಯಾವ ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಬೋರ್ಡ್ ಹೋಗಿದೆ ಸಾರ್" ಅಂತ ಸುಲಭಕ್ಕೆ ಹೇಳುವುದು ಕಡಿಮೆಯಾಗುತ್ತದೆ.

ಮತ್ತೆ ಫೋನ್

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದು ಎರಡು ವಾರ ಆಗಿತ್ತು. ಅಕ್ಕನ ಫೋನ್. "ಮತ್ತೆ ಕಪ್ಪಾಯ್ತು ಕಣೋ. ನೀನು ಮಾಡಿದ್ದು ನಿಲ್ಲಲಿಲ್ಲ."

"ಕ್ಯಾಪ್ಸ್ ಲಾಕ್ ಒತ್ತು. ದೀಪ ಬರತ್ತಾ?"

"ಬರತ್ತೆ."

ಹಾಗಾದರೆ ಇದು ಬೇರೆ ಕಾಯಿಲೆ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡು ಅಂದೆ. ಅರ್ಧ ಮುಚ್ಚಿದಾಗ ಚಿತ್ರ ಬರುತ್ತಿತ್ತು, ಪೂರ್ತಿ ತೆರೆದರೆ ಹೋಗುತ್ತಿತ್ತು. ಬೋರ್ಡಿನಿಂದ ಸ್ಕ್ರೀನಿಗೆ ಹೋಗುವ ಕೇಬಲ್ ಹಿಂಜಿನ ಸಂದಿಯಲ್ಲಿ ತಿರುಚಿಕೊಂಡು ಹೋಗುತ್ತದೆ. ಹತ್ತು ವರ್ಷ ಮುಚ್ಚಿ ತೆರೆದು ಮಾಡಿದರೆ ಒಳಗಿನ ಕೂದಲಿನಷ್ಟು ತೆಳ್ಳನೆಯ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ. ಸ್ಕ್ರೀನ್ ಕೋನಕ್ಕೆ ತಕ್ಕಂತೆ ಹೋಗಿ ಬಂದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಮೊದಲ ಅನುಮಾನ ಕೇಬಲ್ಲಿನದೇ. ಎರಡು ತುದಿಯ ಕನೆಕ್ಟರ್ ಬಿಚ್ಚಿ ಗಟ್ಟಿಯಾಗಿ ಹಾಕಿದರೆ ಕೆಲವೊಮ್ಮೆ ಸಾಕಾಗುತ್ತದೆ. ಆಗದಿದ್ದರೆ ಕೇಬಲ್ ಮೇಲೆ ಅಚ್ಚು ಹಾಕಿದ ನಂಬರ್ ನೋಡಿ ಅದೇ ತರಿಸಬೇಕು. ಟೇಪ್ ಸುತ್ತಿ, ಬೆಸುಗೆ ಹಾಕಿ ನಿಲ್ಲಿಸಲು ಹೋಗಬೇಡಿ. ಕತ್ತರಿಸಿದ ತಂತಿ ಒಂದಕ್ಕೊಂದು ತಾಗಿದರೆ ಬೆಳಕಿನ ಫ್ಯೂಸ್ ಹಾರುತ್ತದೆ.

ಕೇಬಲ್ ತರಿಸಿ ಕೊರಿಯರ್ ಮಾಡಿದೆ. ಅದು ಕೈಸೇರುವವರೆಗಿನ ಒಂಬತ್ತು ದಿನ ಅಕ್ಕ ಮುಚ್ಚಳದ ಹಿಂದೆ ಉಪ್ಪಿನಕಾಯಿ ಜಾಡಿ ಒತ್ತರಿಸಿಟ್ಟು, ಸ್ಕ್ರೀನ್ ಆರದ ಕೋನದಲ್ಲೇ ನಿಲ್ಲಿಸಿಕೊಂಡು ಆ ವರ್ಷದ ಅಡಿಕೆ ಲೆಕ್ಕ ಮುಗಿಸಿದಳು.